ಗುರುತಿನ ಸಾಲಿನಲ್ಲಿ ಏಳು ಹುಡುಗರು

ಕಬಡ್ಡಿ ಸ್ಪರ್ಧೆ ಇಡೋಣ ಎಂದು ಮೊದಲು ಹೇಳಿದವರು ಯಾರು ಎಂಬುದು ನನಗೆ ಈಗ ಖಚಿತವಿಲ್ಲ. ನಾನೇ ಹೇಳಿದೆ ಎಂದು ಉಳಿದವರು ಅನ್ನುತ್ತಾರೆ. ನನ್ನ ಡೈರಿಯಲ್ಲಿ ಆ ದಿನದ ಕೆಳಗೆ ಇರುವುದು ಇಷ್ಟೇ: 'ಶೆಡ್ ಮಾರಾಟವಾಯಿತು. ಮಳೆಗಾಲದೊಳಗೆ ಹುಡುಗರಿಗೆ ಜಾಗ ಬೇಕು.' ಕಬಡ್ಡಿಯ ಮಾತೇ ಇಲ್ಲ.

ಶೆಡ್ ಅಂದರೆ ಸೊಲ್ಲಾಪುರದಲ್ಲಿ ಮುಚ್ಚಿಹೋದ ಒಂದು ಪವರ್‌ಲೂಮ್ ಕಾರಖಾನೆ. ಟವೆಲ್ ನೇಯುತ್ತಿದ್ದ ಮಗ್ಗಗಳು ಗುಜರಿಗೆ ಹೋದ ಮೇಲೆ ಮಾಲೀಕರು ಅದನ್ನು ನಮಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಏಳು ಹುಡುಗರು ಮಲಗುತ್ತಿದ್ದರು. ಹದಿನೆಂಟು ತುಂಬಿತೆಂದು ಬಾಲಗೃಹದಿಂದ ಹೊರಬಂದವರು ಕೆಲವರು, ಸ್ಟೇಶನ್ನಿನ ಪ್ಲಾಟ್‌ಫಾರ್ಮಿನಲ್ಲೇ ಬೆಳೆದವರು ಕೆಲವರು. ಎಲ್ಲರೂ ಹದಿನೆಂಟು, ಹತ್ತೊಂಬತ್ತರವರು. ಹಗಲು ಹೋಟೆಲು, ಗ್ಯಾರೇಜು, ಮಾರ್ಕೆಟ್ ಯಾರ್ಡಿನಲ್ಲಿ ಕೆಲಸ. ಅವರಿಗೆ ಅಡುಗೆ ಮಾಡಿ ಹಾಕಿ, ಬೈದು, ಕಾಯುತ್ತಿದ್ದವರು ಹಿಂದೆ ಬೀಡಿ ಕಟ್ಟುತ್ತಿದ್ದ ಒಬ್ಬ ಹೆಂಗಸು. ಹುಡುಗರು ಆಕೆಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಹಾಗಾಗಿ ನಮಗೂ ಆಕೆ ಮಾವಶಿ. ಆಕೆಗೂ ಆ ಶೆಡ್ ಬಿಟ್ಟರೆ ಬೇರೆ ಮನೆ ಇರಲಿಲ್ಲ. ಇನ್ನು ನಾವು ಎಂದರೆ ಐದಾರು ಜನರ ಗುಂಪು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವ ನಾನು, ಬ್ಯಾಂಕಿನವರೊಬ್ಬರು, ಔಷಧದ ಅಂಗಡಿಯವರೊಬ್ಬರು, ಇಂಥವರು.

ಬಾಡಿಗೆಗೆ ಒಂದು ಮಾಳಿಗೆ ಮನೆ ನೋಡಿಟ್ಟಿದ್ದೆವು. ಮುಂಗಡ ನಮ್ಮ ಕೈ ಮೀರಿತ್ತು. ಮನೆಯ ಮಾಲೀಕರು ಇನ್ನೊಂದು ಮಾತನ್ನೂ ಕೇಳಿದ್ದರು: ಕರಾರು ಯಾರ ಹೆಸರಿನಲ್ಲಿ? ನಮ್ಮ ಗುಂಪಿನ ಹೆಸರು ಹೇಳಿದೆವು. "ಗುಂಪಿನ ಹೆಸರ ಬ್ಯಾಡ್ರಿ, ಮನಶ್ಯಾರ ಹೆಸರ ಹೇಳ್ರಿ" ಎಂದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ಮುಂಗಡ ಕೂಡಲಿ, ಹೆಸರಿನ ಮಾತು ಆಮೇಲೆ ಎಂದು ಎದ್ದುಬಂದೆವು. ಹಣ ಕೂಡಿದರೆ ಹೆಸರು ತಾನಾಗಿ ಹುಟ್ಟುತ್ತದೆ ಎಂದುಕೊಂಡಿದ್ದೆವೋ ಏನೋ.

ಆಟ ಸೊಲ್ಲಾಪುರದಲ್ಲಿ ಬೇಡ, ಅಕ್ಕಲಕೋಟ ತಾಲೂಕಿನ ಚಪಳಗಾಂವದಲ್ಲಿ ಇಡೋಣ ಎಂದದ್ದು ಮಾತ್ರ ನಾನೇ. ಅದು ನನ್ನ ತವರು. ಪಟ್ಟಣದಲ್ಲಿ ಇಂಥ ಕೆಲಸಕ್ಕೆ ಫ್ಲೆಕ್ಸ್ ಬ್ಯಾನರು ಸಿಗುತ್ತದೆ, ಭಾಷಣ ಸಿಗುತ್ತದೆ. ಹಳ್ಳಿಯ ಕಬಡ್ಡಿಯ ರೀತಿ ಬೇರೆ. ಸಂಘ ಆಡಲು ಹೊರಟರೆ ಇಡೀ ಊರು ಮನೆಮನೆಯಿಂದ ವರ್ಗಣಿ ಹಣ ಎತ್ತುತ್ತದೆ, ಟೆಂಪೊಗಳಲ್ಲಿ ತುಂಬಿಕೊಂಡು ಬರುತ್ತದೆ, ಒಂದು ಒಳ್ಳೆಯ ರೇಡ್ ಕಂಡರೆ ಮೈಕಿನಲ್ಲಿ ಹೆಸರು ಕೂಗಿಸಿ ಇನಾಮು ಕೊಡುತ್ತದೆ. ಆ ವರ್ಗಣಿ, ಇನಾಮಿನಲ್ಲಿ ಅರ್ಧ ನಮ್ಮ ಮನೆಯ ನಿಧಿಗೆ ಎಂದು ಎಂಟು ಊರಿನ ಸಂಘಗಳು ಒಪ್ಪಿದವು.

ನಿಯಮ ಬರೆದವರು ನಿವೃತ್ತ ಪಿ.ಟಿ. ಮಾಸ್ತರರು. ತಾಲೂಕಿನ ಎಷ್ಟೋ ಪಂದ್ಯಗಳಿಗೆ ಸೀಟಿ ಊದಿದವರು. ಅವರು ಮೈದಾನ ನೋಡುವ ಮೊದಲೇ ಕೇಳಿದ್ದು, ಭಾಡಿ ಆಟಗಾರರನ್ನು ತಡೆಯಲು ಏನು ವ್ಯವಸ್ಥೆ ಎಂದು. ಹಳ್ಳಿಯ ಸ್ಪರ್ಧೆಗಳು ಒಡೆಯುವುದು ಅಲ್ಲೇ. ಒಂದು ಊರು ಬೇರೆ ಜಿಲ್ಲೆಯಿಂದ ಇಬ್ಬರು ರೇಡರುಗಳನ್ನು ದುಡ್ಡು ಕೊಟ್ಟು ಕರೆತರುತ್ತದೆ, ಇನ್ನೊಂದು ಊರಿಗೆ ಗೊತ್ತಾಗುತ್ತದೆ, ಆಮೇಲೆ ಆಟ ಉಳಿಯುವುದಿಲ್ಲ. ಆಧಾರ್ ಕಾರ್ಡಿನ ಝೆರಾಕ್ಸ್ ಮೇಲೆ ಅವರಿಗೆ ನಂಬಿಕೆಯಿಲ್ಲ. ಅವರ ಉಪಾಯ ಹಳೆಯದು: ಗುರುತಿನ ಸಾಲು. ಆಟಕ್ಕೆ ಮೊದಲು ಪ್ರತಿ ಸಂಘವೂ ಗೆರೆಯ ಮೇಲೆ ನಿಲ್ಲಬೇಕು. ಬೇರೆ ಊರಿನ ಇಬ್ಬರು ಹಿರಿಯರು ಎದುರಿನಿಂದ ನಡೆದು ಬರುತ್ತ ಒಬ್ಬೊಬ್ಬರನ್ನೂ ಕೇಳುತ್ತಾರೆ, "ಯಾರ ಪೈಕಿ?" ಯಾರ ಮನೆಯವನು, ತಂದೆ ಯಾರು, ನಿಮ್ಮ ಹೊಲದ ಬಾಜೂಕ ಯಾರ ಹೊಲ, ಸೋದರಮಾವನ ಊರು ಯಾವುದು, ಈ ಸಲ ಬಿರೋಬಾನ ಪೂಜೆಯ ಪಾಳಿ ಯಾರದು. ಹಿಂದೆ ಅದೇ ಊರಿನ ಒಬ್ಬ ಹಿರಿಯ ಹೊಣೆಯಾಗಿ ನಿಂತಿರಬೇಕು. ಭಾಡಿ ಆಟಗಾರ ಎರಡನೇ ಪ್ರಶ್ನೆಗೇ ಬೆವರುತ್ತಾನಂತೆ.

ನನಗೆ ಇದು ಬಹಳ ಹಿಡಿಸಿತು. ಚಿಕ್ಕಂದಿನಲ್ಲಿ ನೋಡಿದ್ದೆ, ಮರೆತಿದ್ದೆ. ಕಾಗದದ ಮೇಲಿನ ಗುರುತಿಗಿಂತ ಸಂಬಂಧದ ಗುರುತು ಹೇಗೆ ಗಟ್ಟಿ ಎಂದು ತರಗತಿಯಲ್ಲಿ ಹೇಳಲು ಒಳ್ಳೆಯ ಉದಾಹರಣೆ ಎಂದೂ ಅನಿಸಿತು. ಕರಪತ್ರದಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ದಪ್ಪಕ್ಷರದಲ್ಲಿ ಹಾಕಿಸಿದೆ: ಗುರುತಿನ ಸಾಲು ಕಡ್ಡಾಯ.

ಅಂಕಣದ ಕೆಲಸಕ್ಕೆ ಹುಡುಗರು ಬಂದರು. ಅಲ್ಲಿಯದು ಎರೆ ಮಣ್ಣು. ಒಣಗಿದರೆ ಬಾಯಿ ಬಿಡುತ್ತದೆ, ನೀರು ಹೆಚ್ಚಾದರೆ ಕಾಲಿಗೆ ಮೆತ್ತುತ್ತದೆ. ಬಿರುಕಿನಲ್ಲಿ ಹಿಮ್ಮಡಿ ಸಿಕ್ಕರೆ ಆಟಗಾರನ ಕತೆ ಮುಗಿಯಿತು. ಮೇಲಿನ ಪದರವನ್ನು ಕೆದರಿ, ಕೆಂಪು ಮಣ್ಣನ್ನು ಜರಡಿ ಹಿಡಿದು ಹರಡಿ, ಕೊಡದಿಂದ ನೀರು ಚಿಮುಕಿಸಿ, ಕಲ್ಲಿನ ರೋಲರು ಎಳೆದರು. ಮರುದಿನ ಅಂಚು ಮತ್ತೆ ಬಿರುಕು ಬಿಟ್ಟಿತು. ಮತ್ತೆ ಕೆದರಿದರು. ಗೆರೆಗೆ ಸುಣ್ಣ ಹಾಕಲು ಹೊರಟಾಗ ಮಾಸ್ತರರು ತಡೆದರು. ತರಚಿದ ಮೊಣಕಾಲಿಗೆ ಸುಣ್ಣ ತಾಗಿದರೆ ಉರಿ ತಾಳಲಾಗುವುದಿಲ್ಲ. ರಂಗೋಲಿ ಪುಡಿ ತರಿಸಿದೆವು.

ಆ ದಿನಗಳಲ್ಲೇ ಹುಡುಗರ ಮುಂದಾಳು ನನ್ನ ಹತ್ತಿರ ಬಂದ. ಪಂಕ್ಚರ್ ಅಂಗಡಿಯಲ್ಲಿ ಕೆಲಸ ಮಾಡುವ, ಉದ್ದ ಕೈಗಳ ಹುಡುಗ. ಕೈಯಲ್ಲಿ ಜರಡಿ ಇತ್ತು.

"ಮ್ಯಾಡಂ, ಆಟ ನಮ್ಮ ಸಲುವಾಗಿ ಅಂತೀರಿ. ನಾವು ಬರೇ ನೀರ ಕೊಡಾಕ ಏನ್ರಿ?"

ನಾನು ನಕ್ಕೆ ಅನಿಸುತ್ತದೆ. ಅವರು ಶೆಡ್ಡಿನ ಅಂಗಳದಲ್ಲಿ ಆಡುವುದನ್ನು ನೋಡಿದ್ದೆ, ಆದರೆ ಸ್ಪರ್ಧೆಯಲ್ಲಿ ಅವರನ್ನು ಕಲ್ಪಿಸಿಕೊಂಡಿರಲಿಲ್ಲ. ನನ್ನ ಲೆಕ್ಕದಲ್ಲಿ ಅವರು ಸ್ಪರ್ಧೆಯ ಕಾರಣ. ಕಾರಣವೇ ಎದ್ದು ಆಡುತ್ತೇನೆ ಅನ್ನಬಹುದು ಎಂದು ಹೊಳೆದಿರಲಿಲ್ಲ.

ಎರಡು ದಿನ ಕಳೆದು ಒಂದು ಊರಿನ ಸಂಘ ಹಿಂದೆ ಸರಿಯಿತು. ಅವರ ನಾಯಕನ ಮನೆಯಲ್ಲಿ ಸಾವು, ಸಂಘದಲ್ಲಿದ್ದ ಅವನ ಭಾವಕಿಯ ದಾಯಾದಿಗಳಿಗೆಲ್ಲ ಸೂತಕ. ಎಂಟು ಹೋಗಿ ಏಳಾಯಿತು. ಏಳಕ್ಕೆ ಡ್ರಾ ಸರಿ ಕೂಡುವುದಿಲ್ಲ. ಒಂದು ಸಂಘ ಆಡದೆಯೇ ಮುಂದಿನ ಸುತ್ತಿಗೆ ಹೋಗುತ್ತದೆ, ಅದೇ ಜಗಳಕ್ಕೆ ಮೂಲ. ಮಾಸ್ತರರು ಫೋನಿನಲ್ಲಿ, ನಿಮ್ಮ ಹುಡುಗರನ್ನೇ ಇಳಿಸಿರಿ ಎಂದರು. ನಾನು ಯೋಚಿಸದೆ ಹೂಂ ಅಂದೆ. ಶೆಡ್ಡಿಗೆ ಹೋಗಿ ಹೇಳಿದಾಗ ಹುಡುಗರು ಕೂಗಾಡಿದರು. ಮಾವಶಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವರು ತಲೆ ಎತ್ತದೆಯೇ ಕೇಳಿದರು.

"ಹೂಂ ಅಂದ್ರಿ. ಸಾಲಿನ್ಯಾಗ ನಿಂತಾಗ ಅವ್ರು ಏನ ಹೇಳಬೇಕ್ರಿ?"

ಆ ಕ್ಷಣದವರೆಗೆ ನಾನು ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಬೇರೆ ಜಿಲ್ಲೆಯವರು ಯಾರಾದರೂ ಈ ಸ್ಪರ್ಧೆ ಮಾಡಿದ್ದರೆ ಕಾರ್ಡು ನೋಡಿ ಬಿಡುತ್ತಿದ್ದರು. ನಮ್ಮ ಕಡೆಯವರಿಗೇ ಈ ಸಾಲು ಗೊತ್ತು, ನಮಗೇ ಅದು ಅಷ್ಟು ಸಹಜವಾಗಿ ಹೊಳೆಯಿತು. ಯಾರ ಪೈಕಿ ಎಂಬುದಕ್ಕೆ ಉತ್ತರವಿಲ್ಲದ್ದೇ ಯಾರ ತೊಂದರೆಯೋ, ಅವರನ್ನು ಅದೇ ಪ್ರಶ್ನೆಯ ಮುಂದೆ ನಿಲ್ಲಿಸುವ ನಿಯಮವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೆ.

ಆಮೇಲಿನ ದಿನಗಳ ಅನುಕ್ರಮ ನನಗೆ ನೆನಪಿಲ್ಲ. ಡೈರಿಯಲ್ಲಿ ಬಸ್ಸುಗಳು ಮಾತ್ರ ಇವೆ: ಅಕ್ಕಲಕೋಟಕ್ಕೆ ಹೋದದ್ದು, ವಾಪಸು ಬಂದದ್ದು, ಮತ್ತೆ ಹೋದದ್ದು. ಕಿಟಕಿಯ ಪಕ್ಕ ಕುಳಿತು ಒಬ್ಬರಾದ ಮೇಲೆ ಒಬ್ಬರಿಗೆ ಫೋನು ಮಾಡುತ್ತಿದ್ದೆ.

ಸಾಲನ್ನೇ ತೆಗೆದುಬಿಡೋಣವೇ ಎಂದು ಕೇಳಿದೆ. ಮಾಸ್ತರರು ಸಿಟ್ಟಾಗಲಿಲ್ಲ. ತೆಗೆದರೆ ಅರ್ಧ ಸಂಘಗಳು ನಾಳೆಯೇ ಭಾಡಿ ಮಂದಿಯನ್ನು ಹುಡುಕುತ್ತವೆ, ಉಳಿದ ಅರ್ಧ ಬರುವುದಿಲ್ಲ, ವರ್ಗಣಿ ಅಲ್ಲಿಗೇ ನಿಲ್ಲುತ್ತದೆ ಎಂದರು. ವರ್ಗಣಿ ನಿಂತರೆ ಮಾಳಿಗೆ ಮನೆಯೂ ಇಲ್ಲ. ಹುಡುಗರಿಗೆ ಮಾತ್ರ ವಿನಾಯಿತಿ ಕೊಟ್ಟರೆ? ಒಬ್ಬರಿಗೆ ಕೊಟ್ಟದ್ದನ್ನು ಎಲ್ಲರೂ ಕೇಳುತ್ತಾರೆ. ಹಾಗಾದರೆ ಸ್ಪರ್ಧೆಯ ಹೊರಗೆ ಒಂದು ಪ್ರದರ್ಶನ ಪಂದ್ಯ ಇಡೋಣ ಎಂದು ಔಷಧದ ಅಂಗಡಿಯವರು ಹೇಳಿದರು. ನನಗೂ ಅದು ಸರಿ ಎನಿಸಿತು. ಮುಂದಾಳು ಮಾತ್ರ ಒಪ್ಪಲಿಲ್ಲ.

"ಸೋಲಿಲ್ಲ, ಗೆಲುವಿಲ್ಲ. ಅದಕ ಆಟ ಅಂತಾರೇನ್ರಿ? ಸಾಲಿ ಗ್ಯಾದರಿಂಗ್‌ನ್ಯಾಗ ಡಾನ್ಸ್ ಮಾಡಿಧಂಗ ಆತು."

ಭಂಡಾರಕವಠೆಯ ಸಂಘದ ನಾಯಕನಿಗೆ ಸುದ್ದಿ ಹೇಗೋ ಮುಟ್ಟಿತ್ತು. ಅವನೇ ಫೋನು ಮಾಡಿದ. ನಮ್ಮೂರಿನ ಎರಡನೇ ಸಂಘ ಎಂದು ಬರೆಸಿರಿ, ಸಾಲಿನಲ್ಲಿ ನಮ್ಮ ಹಿರಿಯರೇ ಹೊಣೆ ನಿಲ್ಲುತ್ತಾರೆ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಬಸ್ಸಿನಲ್ಲೇ ಅಳು ಬಂತು, ಅಷ್ಟು ಹಗುರವಾಯಿತು. ಶೆಡ್ಡಿಗೆ ಹೋಗಿ ಹೇಳಿದೆ. ಹುಡುಗರು ಮುಂದಾಳುವಿನ ಮುಖ ನೋಡಿದರು. ಅವನು ಟೈರಿನ ಕಪ್ಪು ಹತ್ತಿದ ಉಗುರು ಕೆರೆಯುತ್ತ ಕುಳಿತಿದ್ದ.

"ಹೆಸರ ಕೊಟ್ಟಾವ್ರು ನಾಳಿ ಹೊಳ್ಳಿ ಕೇಳ್ತಾರ್ರಿ ಮ್ಯಾಡಂ. ಬ್ಯಾಡ."

ಇದರ ಹಿಂದೆ ಏನಿತ್ತೋ ನಾನು ಕೇಳಲಿಲ್ಲ. ಕೇಳದೆ ಇದ್ದದ್ದು ಗೌರವದಿಂದಲೋ ಅಥವಾ ತಿಳಿದರೆ ಇನ್ನೊಂದು ಭಾರ ಎಂಬ ಭಯದಿಂದಲೋ, ಹೇಳಲಾರೆ.

ಕೊನೆಗೆ ಉಳಿದ ದಾರಿ ಒಂದೇ. ಸಾಲು ಇರಲಿ, ಹುಡುಗರ ಹಿಂದೆ ಮಾವಶಿ ಹೊಣೆ ನಿಲ್ಲಲಿ. ನಿಲ್ಲುತ್ತೇನೆ ಎಂದು ಆಕೆ ಒಂದೇ ಮಾತಿನಲ್ಲಿ ಅಂದರು. ಹೆಂಗಸು ನಿಂತದ್ದು ಮಾಸ್ತರರು ಯಾವತ್ತೂ ನೋಡಿರಲಿಲ್ಲ, ಆದರೆ ನಿಲ್ಲಬಾರದು ಎಂದು ಎಲ್ಲೂ ಬರೆದಿಲ್ಲ ಎಂದರು. ಪ್ರಶ್ನೆ ಮುಗಿಯಿತು ಎಂದುಕೊಂಡು ನಾನು ಶಾಮಿಯಾನ, ಮೈಕು, ಮಜ್ಜಿಗೆಯ ಕೆಲಸಕ್ಕೆ ಇಳಿದೆ. ಒಳಗೊಂದು ಕಸಿವಿಸಿ ಇದ್ದೇ ಇತ್ತು. ಆದರೆ ಯಾವ ಕಾರ್ಯಕ್ರಮಕ್ಕೂ ಮೊದಲು ನನಗೆ ಹಾಗೇ ಆಗುತ್ತದೆ, ಆದ್ದರಿಂದ ಅದಕ್ಕೆ ಬೆಲೆ ಕೊಡಲಿಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆಯೇ ಟೆಂಪೊಗಳು ಬಂದವು. ಚಪಳಗಾಂವದ ಸಂಘ ಮೊದಲು ಗೆರೆಯ ಮೇಲೆ ನಿಂತಿತು. ಪ್ರಶ್ನೆ ಕೇಳಲು ಬಂದವರಲ್ಲಿ ಮುಖ್ಯರು ಭಂಡಾರಕವಠೆಯ ಒಬ್ಬ ಹಿರಿಯರು. ಕುರಿ ಸಾಕುವವರು, ಹೆಗಲ ಮೇಲೆ ಕರಿಯ ಕಂಬಳಿ. ಹೊಸದಾಗಿ ಮದುವೆಯಾದ ಆಟಗಾರನೊಬ್ಬನಿಗೆ ಅವರು ಹೆಂಡತಿಯ ತವರಿನ ದಾರಿ ಕೇಳಿದರು, ಅವನು ತೊದಲಿದ, ಜನ ನಕ್ಕರು. ನಗುತ್ತಿದ್ದರೂ ಅವರು ಬಿಡುವ ಮನುಷ್ಯರಲ್ಲ. ಮೂರನೇ ಸಂಘದಲ್ಲಿ ಗಟ್ಟಿ ಮೈಯ ಒಬ್ಬ ತಂದೆಯ ಹೆಸರು ಸರಿ ಹೇಳಿದ, ಹೊಲದ ಹೆಸರು ಸರಿ ಹೇಳಿದ, ಬಿರೋಬಾನ ಪಾಳಿ ಕೇಳಿದಾಗ ಬಾಯಿ ಕಟ್ಟಿತು. ಅವನು ತಲೆ ತಗ್ಗಿಸಿ ಜರ್ಸಿ ಬಿಚ್ಚಿ ಹೊರಗೆ ಹೋದ. ಅವನ ಊರಿನವರೇ ಅವನ ಕಡೆ ನೋಡಲಿಲ್ಲ.

ಕೊನೆಯಲ್ಲಿ ನಮ್ಮ ಹುಡುಗರು ನಿಂತರು. ಹಿಂದೆ ಮಾವಶಿ, ಇಸ್ತ್ರಿ ಮಾಡಿದ ಸೀರೆಯಲ್ಲಿ.

"ಯಾರ ಪೈಕಿ ತಮ್ಮಾ?"

"ಮಾವಶಿ ಪೈಕಿರಿ."

ಎರಡನೆಯವನೂ ಅದನ್ನೇ ಹೇಳಿದ. ಜನ ನಕ್ಕರು, ಕೆಟ್ಟ ನಗೆಯಲ್ಲ. ಮೂರನೆಯವನೂ ಅದನ್ನೇ ಹೇಳಿದಾಗ ನಗೆ ಕಡಿಮೆಯಾಯಿತು. ಮುಂದಾಳುವಿನ ಹತ್ತಿರ ಬರುವಷ್ಟರಲ್ಲಿ ಯಾರೂ ನಗುತ್ತಿರಲಿಲ್ಲ. ಹಿರಿಯರು ಅವನನ್ನು ಕೇಳಲೇ ಇಲ್ಲ. ಮಾವಶಿಯ ಕಡೆ ತಿರುಗಿ, ತಾಯಿ, ನಿನ್ನ ಮನೆ ಎಲ್ಲಿ ಎಂದರು. ಇವರೆಲ್ಲಿಯೋ ಅಲ್ಲೇ ಎಂದರು ಮಾವಶಿ.

"ಅದು ಮನಿ ಆಗಲಿಲ್ಲವಾ. ನಾಳಿ ಒಬ್ಬ ಕೈ ಮುರಕೊಂಡ, ಒಬ್ಬ ಜಗಳ ತಗದ. ನಾವು ಯಾರ ಬಾಗಲಿಗಿ ಬರೂದು?"

ಅವರ ದನಿಯಲ್ಲಿ ಕುಹಕವಿರಲಿಲ್ಲ. ಎಲ್ಲ ಸಂಘಕ್ಕೂ ಕೇಳಿದ ಪ್ರಶ್ನೆಯನ್ನೇ ಇನ್ನೊಂದು ರೀತಿಯಲ್ಲಿ ಕೇಳಿದ್ದರು. ಹೊಣೆ ನಿಲ್ಲುವುದೆಂದರೆ ಅಲ್ಲಿ ಆ ದಿನದ ಶಾಸ್ತ್ರವಲ್ಲ. ಹುಡುಗ ಎಲ್ಲೇ ತಪ್ಪಿ ನಡೆದರೂ ನಿಂತವರ ಮನೆಗೆ ಜನ ಬರುತ್ತಾರೆ. ಮಾವಶಿಗೆ ತೋರಿಸಲು ಅಂಥ ಬಾಗಿಲೇ ಇರಲಿಲ್ಲ.

ನಾನು ಮೈಕಿನ ಮೇಜಿನ ಪಕ್ಕ ನಿಂತಿದ್ದೆ. ಮುಂದಾಳು ಹೊರಳಿ ನನ್ನನ್ನು ನೋಡಿದ. ದನಿ ಏರಿಸದೆ ಕೇಳಿದ:

"ಹೋಗೂಣೇನ್ರಿ ಮ್ಯಾಡಂ?"

ನನಗೆ ನಾಚಿಕೆಯಾಗದಂತೆ ತಾನೇ ಬಾಗಿಲು ತೆರೆದುಕೊಟ್ಟಿದ್ದ. ಹೂಂ ಅಂದಿದ್ದರೆ ಹುಡುಗರು ಗಲಾಟೆಯಿಲ್ಲದೆ ಹೊರಗೆ ಬಂದು ನೀರಿನ ಕೊಡ ಎತ್ತಿಕೊಳ್ಳುತ್ತಿದ್ದರು, ಸ್ಪರ್ಧೆ ನಡೆಯುತ್ತಿತ್ತು, ಹಣ ಕೂಡುತ್ತಿತ್ತು. ನನಗೆ ಈ ರೀತಿಯ ಕೆಲಸಗಳು ಯಾಕೆ ಇಷ್ಟವಾಗುತ್ತವೆ ಎಂಬುದು ಆಗ ಹೊಳೆಯಿತೋ, ಈಗ ಬರೆಯುವಾಗ ಸೇರಿಸುತ್ತಿದ್ದೇನೋ. ಅವು ಒಂದು ದಿನಕ್ಕೆ ಮುಗಿಯುತ್ತವೆ. ಶಾಮಿಯಾನ ಬಿಚ್ಚಿದ ಮೇಲೆ ನಮ್ಮನ್ನು ಯಾರೂ ಏನೂ ಕೇಳುವುದಿಲ್ಲ.

ನಾನು ನಡೆದುಹೋಗಿ ಮಾವಶಿಯ ಪಕ್ಕ ನಿಂತೆ. ಎಷ್ಟು ಹೊತ್ತು ತೆಗೆದುಕೊಂಡೆ ಎಂಬುದರಲ್ಲಿ ಜಗಳವಿದೆ. ತಕ್ಷಣ ಹೋದಿರಿ ಎಂದು ಮಾಸ್ತರರು ಹೇಳುತ್ತಾರೆ. ನನ್ನ ನೆನಪಿನಲ್ಲಿ ಮೇಜಿನಿಂದ ಸಾಲಿನವರೆಗಿನ ದಾರಿ ಬಹಳ ಉದ್ದವಿದೆ.

"ನನ್ನ ಪೈಕಿರಿ. ನನ್ನ ಬಾಗಲಿಗಿ ಬರ್ರಿ" ಎಂದೆ.

ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀ ಯಾರ ಪೈಕಿಯವಾ?"

ನಾನು ತಂದೆಯ ಹೆಸರು ಹೇಳಿದೆ. ಮನೆ ಇರುವ ಓಣಿ, ಬಾಜೂಕಿನ ಹೊಲ, ಸೋದರಮಾವನ ಊರು, ಕೇಳಿದ್ದಕ್ಕೆಲ್ಲ ಉತ್ತರ ತಡೆಯಿಲ್ಲದೆ ಬಂತು. ಹುಡುಗರು ಹಿಂತಿರುಗಿ ಕೇಳುತ್ತಿದ್ದರು. ಒಬ್ಬಳ ಹತ್ತಿರ ಇಷ್ಟೊಂದು ಉತ್ತರಗಳು ಇರುವುದು ಆ ಹೊತ್ತಿನಲ್ಲಿ ನನಗೆ ಸ್ವಲ್ಪ ಅಸಹ್ಯವೆನಿಸಿತು.

"ಗಂಡನ ಮನಿ ಎಲ್ಲಿ?" ಸೊಲ್ಲಾಪುರ ಎಂದು ಓಣಿಯ ಹೆಸರು ಹೇಳಿದೆ.

"ಗಂಡಗ ಗೊತ್ತೈತೇನ ಇದು?"

"ಇನ್ನಾ ಇಲ್ರಿ" ಎಂದೆ. ನನ್ನ ಗಂಡ ಮಜ್ಜಿಗೆಯ ಪೀಪಾಯಿಯ ಹತ್ತಿರ ನಿಂತಿದ್ದರು. ಈ ಸಲ ಜನ ಬಿದ್ದು ಬಿದ್ದು ನಕ್ಕರು.

ಹಿರಿಯರು ಕಂಬಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ಆಯಿತು, ಆಡಲಿ ಎಂದರು. ಮೈಕಿನವನು ಸಂಘಕ್ಕೆ ಯಾವ ಊರು ಎಂದು ಕೂಗಬೇಕು ಎಂದು ಕೇಳಿದ. ಮುಂದಾಳು ಸೊಲ್ಲಾಪುರ ಎಂದ. ಜನರ ನಡುವಿನಿಂದ ಯಾರೋ ಕೆಣಕಿದರು, ಅಷ್ಟು ದೊಡ್ಡ ಊರಿಗೆ ಏಳೇ ಮಂದಿಯೇ ಎಂದು.

"ಉಳದಾವ್ರು ಡ್ಯೂಟಿ ಮ್ಯಾಲ ಅದಾರ್ರಿ" ಎಂದ ಅವನು.

ಅವರು ಮೊದಲ ಸುತ್ತಿನಲ್ಲೇ ಸೋತರು. ಅಂಗಳದ ಆಟಕ್ಕೂ ಅಂಕಣದ ಆಟಕ್ಕೂ ಇರುವ ಅಂತರ ಮೊದಲ ಐದು ನಿಮಿಷದಲ್ಲೇ ಕಂಡಿತು. ಬೋನಸ್ ಗೆರೆಯ ಲೆಕ್ಕ ಅವರಿಗೆ ಹಿಡಿಯಲಿಲ್ಲ. ಕೈ ಕೈ ಹಿಡಿದು ಸರಪಳಿ ಕಟ್ಟುವಾಗ ಮೂಲೆಯವನು ಒಂದು ಹೆಜ್ಜೆ ಬೇಗ ನುಗ್ಗುತ್ತಿದ್ದ, ಎದುರಿನ ರೇಡರು ಆ ಸಂದಿನಲ್ಲೇ ದಾಟಿ ಹೋಗುತ್ತಿದ್ದ. ದ್ವಿತೀಯಾರ್ಧದಲ್ಲಿ ಮುಂದಾಳು ಒಬ್ಬನೇ ಒಳಗುಳಿದಿದ್ದ, ಎದುರಿನವನ ಹಿಮ್ಮಡಿ ಹಿಡಿದು, ಎಳೆದುಕೊಂಡು ಹೋಗುತ್ತಿದ್ದರೂ ಬಿಡದೆ, ನಡುಗೆರೆಯ ಗೇಣು ದೂರದಲ್ಲಿ ನಿಲ್ಲಿಸಿದ. ಅದಕ್ಕೆ ಎರಡು ಊರಿನವರು ಇನಾಮು ಕೂಗಿಸಿದರು. ಆಮೇಲೆ ನಮ್ಮ ಹುಡುಗರು ಪೂರ್ತಿ ಸೋತರು. ಸೋತ ಸಿಟ್ಟಿನಲ್ಲಿ ಮೂಲೆಯವನ ಜೊತೆ ಜಗಳವಾಡುತ್ತ ಮಜ್ಜಿಗೆ ಕುಡಿದರು.

ಹಣ ಮುಂಗಡಕ್ಕೆ ಸಾಕಾಯಿತು. ಗುಂಪಿನ ಸಭೆಯಲ್ಲಿ ಮತ್ತೆ ಅದೇ ಮಾತು ಬಂತು, ಕರಾರು ಯಾರ ಹೆಸರಿನಲ್ಲಿ ಎಂದು. ಈ ಸಲ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಎಲ್ಲರೂ ನನ್ನನ್ನು ನೋಡಿದರು. ಸ್ವಲ್ಪ ಸಮಯ ಕೊಡಿ ಎಂದು ಮನೆಗೆ ಬಂದೆ. ಸಾಲಿನಲ್ಲಿ ಆಡಿದ ಮಾತಿನಲ್ಲಿ ಧೈರ್ಯ ಎಷ್ಟು, ಜನರ ಮುಂದೆ ಸಣ್ಣವಳಾಗಬಾರದೆಂಬ ಹಟ ಎಷ್ಟು ಎಂದು ಇವತ್ತಿಗೂ ಬೇರ್ಪಡಿಸಲಾರೆ. ಕಾಗದದ ಮುಂದೆ ಕುಳಿತಾಗ ಆ ಧೈರ್ಯ ಇರಲಿಲ್ಲ. ಬಾಡಿಗೆ ನಿಂತರೆ, ಪೊಲೀಸರು ಬಂದರೆ, ಒಬ್ಬ ಹುಡುಗ ಏನಾದರೂ ಮಾಡಿಕೊಂಡರೆ ಎಂದು ಗಂಡನ ಮುಂದೆ ಒಂದೊಂದಾಗಿ ಹೇಳುತ್ತ ಹೋದೆ. ಅವರಾದರೂ ಬೇಡ ಅನ್ನಲಿ ಎಂದು ಕಾಯುತ್ತಿದ್ದೆನೋ ಏನೋ.

"ನಾಕ ಊರ ಮಂದಿ ಮುಂದ ಅಂದು ಬಂದೀದಿ. ಅದಕಿಂತ ಈ ಕಾಗದ ದೊಡ್ಡದೇನು?" ಎಂದರು. ಸಂತೋಷದಿಂದ ಹೇಳಿದ ಮಾತಲ್ಲ. ಓದುತ್ತಿದ್ದ ಪೇಪರು ಮಡಚಿಟ್ಟು ಎದ್ದು ಹೋದರು.

ಸಹಿ ಮಾಡಿದೆ. ಮಳೆ ಹಿಡಿಯುವ ಮೊದಲು ಮಾವಶಿ ಮತ್ತು ಹುಡುಗರು ಮಾಳಿಗೆ ಮನೆಗೆ ಬಂದರು. ಅಂದಿನಿಂದ ಫೋನು ನನಗೇ ಬರುತ್ತದೆ. ನೀರಿನ ಟಾಕಿ ತುಂಬಿ ಹರಿದದ್ದಕ್ಕೆ, ಬಾಗಿಲ ಮುಂದೆ ಚಪ್ಪಲಿ ಹರಡಿದ್ದಕ್ಕೆ, ಒಬ್ಬನು ಎರಡು ದಿನ ಹೇಳದೆ ಮಾಯವಾಗಿ ಮೂರನೇ ದಿನ ಏನೂ ಆಗದವನಂತೆ ಬಂದು ಮಲಗಿದ್ದಕ್ಕೆ. ಫೋನು ಬಾರದ ದಿನ ಇನ್ನೂ ಹೆಚ್ಚು ತಳಮಳ.

ಹೋದ ರವಿವಾರ ಕೆಳಗಿನ ಮನೆಯ ಹೆಂಗಸು ಫೋನು ಮಾಡಿದ್ದರು. ಮೇಲೆ ತಾರಸಿಯ ಗಚ್ಚಿಯ ಮೇಲೆ ಧಪಧಪ ಬೀಳುವ ಸದ್ದು ಅವರ ಮಾತಿನ ಹಿಂದೆ ನನಗೂ ಕೇಳುತ್ತಿತ್ತು. ಯಾರೋ ಹಿಮ್ಮಡಿ ಹಿಡಿಯುವುದನ್ನು ಕಲಿಸುತ್ತಿರಬೇಕು.

"ನಿಮ್ಮ ಹುಡುಗ್ರು ಛತ್ತ ಕೆಡವತಾರ್ರಿ ಬಾಯಾರ. ಬಂದು ಒಂದೀಟ ಹೇಳ್ರಿ."

ಬರುತ್ತೇನೆ ಎಂದೆ. ಚಪ್ಪಲಿ ಮೆಟ್ಟಿಕೊಂಡು ಆಟೊ ಹಿಡಿದೆ. ದಾರಿಯುದ್ದಕ್ಕೂ ಬೈಗುಳವನ್ನು ಹೊಂದಿಸಿಕೊಳ್ಳುತ್ತಿದ್ದೆ. ಮೂಲೆಯವನಿಗೆ ಬೇರೆ, ಮುಂದಾಳುವಿಗೆ ಬೇರೆ.